ಎಲ್ಲೆಕಲ್ಲಿನ ಬಳಿ ಇಳಿಸಿದ ಡೋಲಿ

ಹೊಳಲ್ಕೆರೆಯ ದವಾಖಾನೆಯ ಹಿಂದೆ ಹೆಂಚಿನ ಕೊಟ್ಟಿಗೆಯೊಂದಿತ್ತು. ಅದರ ತೊಲೆಗೆ ಎರಡು ಹಗ್ಗ ಇಳಿಬಿಟ್ಟು ಸರ್ಕಾರದ ಡೋಲಿಯನ್ನು ತೂಗುಹಾಕಿದ್ದರು. ಇಡೀ ತಾಲ್ಲೂಕಿಗೆ ಅದೊಂದೇ. ದಪ್ಪ ಬಿದಿರಿನ ಬೊಂಬು, ಅದಕ್ಕೆ ಜೋಲಿಯ ಹಾಗೆ ಕಟ್ಟಿದ ಕ್ಯಾನ್ವಾಸು, ಎರಡೂ ಬದಿಗೆ ಪರದೆ. ಪರದೆ ಮೊದಲು ಎಲೆಹಸಿರು ಬಣ್ಣದ್ದಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಫಿನಾಯಿಲಿನಲ್ಲಿ ಅದ್ದಿ ಅದ್ದಿ, ತೊಳೆಯದೆ ಬಿಟ್ಟ ತಾಮ್ರದ ಚೊಂಬಿನ ಕಿಲುಬಿನ ಬಣ್ಣಕ್ಕೆ ತಿರುಗಿ, ಒಗೆದೊಗೆದು ಒಂದು ಗೇಣು ಗಿಡ್ಡವೂ ಆಗಿತ್ತು.

ನಮ್ಮ ಸೀಮೆಗೆ ಪ್ಲೇಗು ಬಂದ ಮೇಲೆ ಆ ಡೋಲಿಗೆ ಒಂದೇ ಕೆಲಸ. ಕಂಕುಳು ತೊಡೆಸಂದಿಯಲ್ಲಿ ಪ್ಲೇಗಿನ ಗೆಡ್ಡೆ ಎದ್ದವರನ್ನು ಊರಾಚೆಯ ಗುಡಿಸಲುಗಳಿಗೆ ಹೊತ್ತು ಹಾಕುವುದು. ಅದರಲ್ಲಿ ಹೋದವರು ಯಾರೂ ನಡೆದುಕೊಂಡು ವಾಪಸು ಬಂದದ್ದನ್ನು ನಾನು ಕಾಣೆ. ಬಂದಿರಬಹುದು, ನಾನು ಕಾಣೆ. ಅದು ಬೀದಿಯಲ್ಲಿ ಹಾದಾಗ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಬೊಂಬು ಕಿರುಗುಟ್ಟುವ ಸದ್ದು. ಆ ಸದ್ದಿಗೆ ನಮ್ಮ ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ನಮ್ಮ ಅತ್ತೆ ಒಲೆಯ ಮುಂದೆ ಕೂತಿದ್ದವರು ಕೈಯಲ್ಲಿದ್ದ ಊದುಗೊಳವೆಯನ್ನು ಹಾಗೇ ಹಿಡಿದುಕೊಂಡು, ಸದ್ದು ದೂರವಾಗುವ ತನಕ ಬೆಂಕಿಗೆ ಊದುತ್ತಿರಲಿಲ್ಲ.

ಡೋಲಿ ಹೊರಡಬೇಕಾದರೆ ಅದಕ್ಕೊಂದು ಕ್ರಮವಿತ್ತು. ದವಾಖಾನೆಯ ಡಾಕ್ಟರು ರುಜು ಹಾಕಬೇಕು, ಅಮಲ್ದಾರರ ಕಚೇರಿಯಿಂದ ಚೀಟಿ ಆಗಬೇಕು. ಆ ಚೀಟಿ ತೋರಿಸಿದರೆ ದಾರಿಯ ಪ್ರತಿ ಊರಿನ ಪಟೇಲರೂ ನಾಲ್ಕು ಆಳು ಕೊಡಬೇಕು. ಅವರು ತಮ್ಮ ಊರಿನ ಎಲ್ಲೆಕಲ್ಲಿನ ತನಕ ಹೊತ್ತು ಅಲ್ಲಿ ಇಳಿಸುತ್ತಾರೆ. ಅಲ್ಲಿಂದಾಚೆಗೆ ಮುಂದಿನ ಊರಿನವರ ಹೆಗಲು. ಕಲ್ಲು ದಾಟಿ ಒಂದು ಮಾರು ಕೂಡ ಯಾರೂ ಹೊರುತ್ತಿರಲಿಲ್ಲ. ಇವತ್ತು ಒಂದು ಮಾರು ಹೊತ್ತರೆ ನಾಳೆ ಅದೇ ರೂಢಿಯಾಗಿ, ನಾಡಿದ್ದು ಅವರ ಪಾಲಿನ ದಾರಿಯೂ ನಮ್ಮ ತಲೆಗೇ ಬರುತ್ತದೆ ಎಂದು ಎಲ್ಲ ಊರಿನವರಿಗೂ ಭಯ. ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದುದರಿಂದ ಇಂಥ ಚೀಟಿಗಳ ವಿಚಾರ ಊಟದ ಹೊತ್ತಿನಲ್ಲಿ ಕಿವಿಗೆ ಬೀಳುತ್ತಿತ್ತು. ಅದು ನಮ್ಮ ಮನೆಗೂ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಬಂದದ್ದು ನನ್ನ ನಾದಿನಿಗಾಗಿ. ಯಜಮಾನರ ಒಬ್ಬಳೇ ತಂಗಿ, ಹದಿನೇಳು ತುಂಬಿರಲಿಲ್ಲ. ಹೊಸದುರ್ಗದ ಕಡೆ ಶ್ರೀರಾಂಪುರಕ್ಕೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹುಣಸೆಯ ಚಿಗುರು ಕಂಡರೆ ಬಿಡುತ್ತಿರಲಿಲ್ಲ. ಸೆರಗಿನ ಗಂಟಿನಲ್ಲಿ ಯಾವಾಗಲೂ ನಾಲ್ಕೆಲೆ ಇರುತ್ತಿತ್ತು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ಎಂಬುದು ಮನೆಯಲ್ಲಿ ಬೇರೆ ಯಾರಿಗೂ ಬೇಡದ ಸಂಗತಿ, ಅವಳಿಗೆ ಮಾತ್ರ ಬೇಕಾಗಿತ್ತು. ರಾಗಿ ಹಿಟ್ಟು ಜರಡಿ ಹಿಡಿಯುವಾಗ ಮೊರದಲ್ಲಿ ಹಿಟ್ಟು ಹರಡಿ, ಅತ್ತಿಗೆ ಒಂದಕ್ಷರ ಬರೀರಿ ಅನ್ನುವಳು. ಬೆರಳಲ್ಲಿ ಬರೆದು ತೋರಿಸಿದರೆ ಅದನ್ನು ಅಳಿಸಲು ಮನಸ್ಸು ಬಾರದೆ ಮೊರವನ್ನು ಹಾಗೇ ಎತ್ತಿಡುವಳು. ಅತ್ತೆ ಬೈಯುವರು, ಇಂಗ್ಲೀಷು ತಿಂದು ಬಾಣಂತಿ ಆಗ್ತಾಳೇನೋ ಅಂತ.

ನೋವು ಶುರುವಾಗಿ ಎರಡು ದಿನವಾದರೂ ಮಗು ಈಚೆಗೆ ಬರಲಿಲ್ಲ. ಕೇರಿಯ ಸೂಲಗಿತ್ತಿ ಎಣ್ಣೆ ನೀವಿ, ಕುದಿಸಿದ ಕಷಾಯ ಕುಡಿಸಿ, ಕೊನೆಗೆ ಮೂಲೆಯಲ್ಲಿ ಕೂತುಬಿಟ್ಟಳು. ಸರ್ಕಾರದ ಕಲಿತ ಸೂಲಗಿತ್ತಿ ಒಬ್ಬಾಕೆ ಇದ್ದಳು, ಮೂರು ತಾಲ್ಲೂಕಿಗೂ ಆಕೆಯೇ. ಆ ವಾರ ಹಿರಿಯೂರಿಗೆ ಹೋಗಿದ್ದಳು. ಯಜಮಾನರು ಅಮಲ್ದಾರರ ಜೊತೆ ಹೊಸದುರ್ಗದ ಕಡೆ ಕ್ಯಾಂಪಿನಲ್ಲಿದ್ದರು. ದವಾಖಾನೆಯ ಡಾಕ್ಟರು ಬಂದು, ಪಡಸಾಲೆಯಲ್ಲೇ ನಿಂತು, ಪರದೆಯ ಸಂದಿನಿಂದ ಚಾಚಿದ ಅವಳ ಕೈ ಹಿಡಿದು ನಾಡಿ ನೋಡಿದರು. ನೋಡಿ ಬಹಳ ಹೊತ್ತು ಆ ಕೈಯನ್ನು ಬಿಡಲಿಲ್ಲ. ದುರ್ಗದ ದೊಡ್ಡಾಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಇದ್ದಾರೆ, ಈಗಲೇ ಹೊರಡಿಸಿ ಅಂದರು. ಗಾಡಿ ಬೇಡ, ಆಗಲೇ ರಕ್ತ ಹೋಗುತ್ತಿದೆ, ಕುಲುಕಾಟಕ್ಕೆ ನಿಲ್ಲುವುದಿಲ್ಲ, ಡೋಲಿಯಲ್ಲಿ ಹೋಗಬೇಕು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಆ ಡೋಲೀಲಿ ನನ್ನ ಮಗಳನ್ನ ಮಲಗಸಾಕೆ ನಾನು ಬಿಡಲ್ಲ."

"ಹಂಗಾದ್ರೆ ಇಲ್ಲೇ ಇಟ್ಕಂಡು ನೋಡ್ತಾ ಕೂತ್ಕಳ್ರಿ ತಾಯಿ," ಅಂದರು ಡಾಕ್ಟರು. ಅವರೇನೂ ಒರಟಿನ ಮನುಷ್ಯರಲ್ಲ. ಆ ತಿಂಗಳು ಅವರ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು, ಅಷ್ಟೆ.

ಬೆಳಕು ಹರಿಯುವ ಮುಂಚೆ ಡೋಲಿ ನಮ್ಮ ಅಂಗಳಕ್ಕೆ ಬಂತು. ಅತ್ತೆ ಅದಕ್ಕೆ ಗಂಜಲ ಚಿಮುಕಿಸಿ, ಸಾಂಬ್ರಾಣಿಯ ಹೊಗೆ ಹಾಕಿ, ತಮ್ಮ ಕೌದಿಯನ್ನೇ ಒಳಗೆ ಹಾಸಿದರು. ಸಾಂಬ್ರಾಣಿಯ ಅಡಿಯಲ್ಲಿ ಫಿನಾಯಿಲು ಹಾಗೇ ಇತ್ತು. ಮಗಳನ್ನು ಮಲಗಿಸಿದ ಮೇಲೆ ಹಣೆಗೆ ಕುಂಕುಮ ಇಟ್ಟು, ಎರಡೂ ಪಾದಕ್ಕೆ ಗಟ್ಟಿಯಾಗಿ ಅರಿಶಿನ ಬಳಿದರು. ಅತ್ತೆಗೆ ಕೀಲುನೋವು, ನಡೆಯಲಾರರು. ಗಾಡಿಯಲ್ಲಿ ಕೂತರೂ ಇಳಿಯಲಾರರು. ಜೊತೆಗೆ ನಾನು ಹೊರಟೆ. ಡೋಲಿಯ ಹಿಂದೆ ನಮ್ಮ ಗಾಡಿ, ಅದರಲ್ಲಿ ಬಟ್ಟೆಯ ಗಂಟು, ನೀರಿನ ಕೊಡ. ಡೋಲಿಯ ಮುಂದೆ ಚೀಟಿ ಹಿಡಿದು ದವಾಖಾನೆಯ ಜವಾನ. ಐವತ್ತು ದಾಟಿದ ಮನುಷ್ಯ. ಆ ಡೋಲಿಯ ಜೊತೆ ಎಷ್ಟು ಸಲ ನಡೆದಿದ್ದನೋ, ಬೊಂಬಿನ ಕಿರುಗುಟ್ಟುವಿಕೆ ಕೇಳಿಯೇ ಒಳಗಿನವರ ತೂಕ ಹೇಳುತ್ತಿದ್ದನಂತೆ.

ಮನೆಯಿಂದ ಹೊರಟಾಗ ಅವಳ ತಲೆ ಮುಂದಿತ್ತು. ಕೂತು ಹೋಗುವವರಿಗೆ ಇದರ ಯೋಚನೆಯಿಲ್ಲ. ಮಲಗಿ ಹೋಗುವವರಿದ್ದರೆ ನಮ್ಮ ಸೀಮೆಯಲ್ಲಿ ತಲೆ ಮುಂದೆ, ಕಾಲು ಹಿಂದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲನೆಯ ಎಲ್ಲೆಯಲ್ಲಿ ಆಳುಗಳು ಕಾದು ನಿಂತಿದ್ದರು. ಹೊತ್ತು ನಡೆದರು. ಆ ಊರೊಳಗೆ ಹಾದಾಗ ಒಂದು ಮನೆಯಲ್ಲೂ ಹೊಗೆಯಿರಲಿಲ್ಲ. ಪ್ಲೇಗಿನ ಇಲಿ ಸತ್ತು ಬಿದ್ದಿದ್ದರಿಂದ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಒಂದು ಜಗಲಿಯ ಮೇಲೆ ಬೀಸುವ ಕಲ್ಲು, ಅದರ ಬಾಯಲ್ಲಿ ಅರ್ಧ ಹಿಡಿ ಜೋಳ ಹಾಗೇ ಇತ್ತು. ಕೋಳಿಯೊಂದು ಅದನ್ನು ಕುಕ್ಕಲು ಬಂದು ನಮ್ಮನ್ನು ನೋಡಿ ಹೆದರಲಿಲ್ಲ. ಜವಾನ ಮಾತ್ರ, ಬೇಗ ಹೆಜ್ಜೆ ಹಾಕ್ರಪ್ಪ, ಅಂದ.

ಎರಡನೆಯ ಎಲ್ಲೆ ದಾಟಿ, ಹೊಸ ಆಳುಗಳ ಹೆಗಲಿಗೆ ಡೋಲಿ ಹೋದ ಮೇಲೆ ದಾರಿ ಒಂದು ಹಳ್ಳಕ್ಕೆ ಇಳಿಯುತ್ತದೆ. ಕಲ್ಲಿನ ಇಳಿಜಾರು. ತಲೆ ಮುಂದಿದ್ದುದರಿಂದ ಅವಳ ತಲೆ ಕೆಳಗಾಗಿ, ಮೈಯೆಲ್ಲ ಕತ್ತಿನ ಕಡೆಗೆ ಜಾರಿತು. ಅವಳು ಕೂಗಲಿಲ್ಲ, ನಾಯಿಮರಿಯ ಹಾಗೆ ಸಣ್ಣ ಸದ್ದು ಮಾಡಿದಳು. ಡೋಲಿ ಇಳಿಸಲು ಹೇಳಿ, ದಿಂಬು ಸರಿಮಾಡಲು ಕೈ ಹಾಕಿದಾಗ ಬೊಂಬಿನ ಪಕ್ಕ ಕ್ಯಾನ್ವಾಸಿಗೆ ಹೊಲಿದಿದ್ದ, ಮೇಣ ಬಳಿದ ಬಟ್ಟೆಯ ಚೀಲ ಕೈಗೆ ಸಿಕ್ಕಿತು. ಒಳಗೆ ಇಂಗ್ಲೀಷಿನಲ್ಲಿ ಅಚ್ಚಾದ ಕಾಗದ, ನಾಲ್ಕು ಮಡಿಕೆ. ಮಡಿಕೆ ಬಿಚ್ಚಿದ ಗುರುತೇ ಇರಲಿಲ್ಲ.

ನಾನು ಅದನ್ನು ಓದಿದೆ. ಮಟ್ಟಸ ದಾರಿಯಲ್ಲೂ ಇಳಿಜಾರಿನಲ್ಲೂ ರೋಗಿಯ ಪಾದ ಮುಂದಿರಬೇಕು, ಏರಿನಲ್ಲಿ ಮಾತ್ರ ತಲೆ ಮುಂದೆ. ಹಿಂದೆ ಹೊರುವವನು ರೋಗಿಯ ಮುಖದ ಮೇಲೆ ಕಣ್ಣಿಟ್ಟಿರಬೇಕು. ಹೀಗೆ ಇನ್ನೂ ಏಳೆಂಟು ಮಾತು. ಎಷ್ಟು ಸರಿಯಾಗಿದೆ ಅನಿಸಿತು. ಕಾನ್ವೆಂಟಿನಲ್ಲಿ ಗೋಡೆಗೆ ಅಂಟಿಸಿದ ಕಾಗದದಲ್ಲಿ ಇದ್ದ ಹಾಗೆಯೇ ನಾವು ಏಳುತ್ತಿದ್ದೆವು, ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು. ಅಚ್ಚಾದ ಮಾತಿಗೆ ಎದುರು ಮಾತು ಇಲ್ಲ. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ನನ್ನ ಓದು ಆ ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಆ ಸಂತೋಷ ಆ ಹೊತ್ತಿನಲ್ಲಿಯೂ ನನಗೆ ಆಯಿತು ಎಂದು ಬರೆಯಲು ಕೈ ನಾಚುತ್ತದೆ. ಆದರೆ ಆಯಿತು.

ಡೋಲಿ ತಿರುಗಿಸಿ ಎಂದೆ. ಜವಾನ ಕಾಗದ ನೋಡಿದ, ನನ್ನ ಮುಖ ನೋಡಿದ.

"ಕಾಲು ಮುಂದೆ ಮಾಡಬ್ಯಾಡ್ರಿ ಅಮ್ಮಾರೆ. ಚೆನ್ನಾಗಿರಲ್ಲ."

"ಇದು ಸರ್ಕಾರದ ಹುಕುಂ ಅಪ್ಪ. ಇಲ್ಲೇ ಅಚ್ಚಾಗಿದೆ."

ಹುಕುಂ ಅಂದ ಮೇಲೆ ಅವನು ಆಳುಗಳಿಗೆ ಸನ್ನೆ ಮಾಡಿದ. ತಿರುಗಿಸಿದರು. ಅವಳ ತಲೆ ಮೇಲಾಯಿತು, ಉಸಿರು ಹಗುರಾಯಿತು. ಹಿಂದೆ ಹೊತ್ತವನಿಗೆ ಅವಳ ಮುಖ ನೇರ ಕಾಣುತ್ತಿತ್ತು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. "ಈಗ ಹಿತವಾಗೈತೆ ಅತ್ತಿಗೆ," ಅಂದಳು. ಎರಡು ದಿನದಲ್ಲಿ ಅವಳು ಆಡಿದ ನೆಟ್ಟಗಿನ ಮಾತು ಅದೊಂದೇ. ಹಳ್ಳ ದಾಟಿ ಬಯಲಿಗೆ ಬಂದಾಗ ಕಣ್ಣು ಮುಚ್ಚಿದಳು. ನಾನು ಅವಳ ಮೈ ತುಂಬ ಬಿಳಿಯ ದುಪ್ಪಟಿ ಹೊದಿಸಿದೆ. ಗಿಡ್ಡ ಪರದೆಯ ಮುಂದಿನ ತುದಿಯಿಂದ ಅವಳ ಎರಡು ಪಾದ ಹೊರಗೆ ಇಣುಕುತ್ತಿದ್ದವು. ಅತ್ತೆ ಬಳಿದ ಅರಿಶಿನ ಬಿಸಿಲಿಗೆ ಒಣಗಿ ಹೊಳೆಯುತ್ತಿತ್ತು.

ಮೂರನೆಯ ಎಲ್ಲೆಕಲ್ಲು ಕಾಣುವ ಮುಂಚೆ ಜವಾನ ಹಿಂದೆ ಬಂದು ನನ್ನ ಪಕ್ಕ ನಡೆದ. ಎಲ್ಲೆ ಬರೋದ್ರೊಳಗೆ ತಿರುಗಿಸ್ಕಂಬಿಡಾಣ ಅಂತ ಎರಡು ಸಲ ಹೇಳಿದ. ಈಗಷ್ಟೆ ಕಣ್ಣು ಮುಚ್ಚಿದ್ದಾಳೆ, ಅಲುಗಿಸುವುದು ಬೇಡ ಎಂದೆ. ಅವನು ಮುಂದೆ ಹೋದ. ಅವನು ಯಾತಕ್ಕೆ ಹೇಳಿದ ಎಂದು ನಾನು ಕೇಳಿದ್ದರೆ ಹೇಳುತ್ತಿದ್ದ. ಕೇಳಲಿಲ್ಲ.

ಆ ಕಲ್ಲಿನಾಚೆಯ ಊರಿನ ಹೆಸರು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಈಗ ಅಲ್ಲಿ ಇದ್ದಾರೆ.

ಕಲ್ಲಿನ ಆಚೆಗೆ ಜಾಲಿಯ ನೆರಳಿನಲ್ಲಿ ಆರೇಳು ಗಂಡಸರು ಕೂತಿದ್ದರು. ನಾವು ದಿಬ್ಬದ ಮೇಲೆ ಬಂದದ್ದೇ ತಡ ಎದ್ದು ನಿಂತರು; ಹೊರಲು ಏಳುತ್ತಿದ್ದಾರೆ ಎಂದುಕೊಂಡೆ. ಎದ್ದವರು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸರಿದು ನಿಂತರು. ಅವರಲ್ಲಿ ಬಿಳಿ ಮೀಸೆಯವನು, ಪಟೇಲರ ಅಣ್ಣನೆಂದು ಆಮೇಲೆ ತಿಳಿಯಿತು, ಕೋಲನ್ನು ದಾರಿಗೆ ಅಡ್ಡ ಹಿಡಿದ.

"ಅಲ್ಲೇ ನಿಲ್ಸ್ರಿ. ಹೆಣಾನ ನಮ್ಮೂರ ಎಲ್ಲೆ ದಾಟಸಾಕೆ ಆಗಲ್ಲ."

ನಮ್ಮ ಆಳುಗಳು ಡೋಲಿಯನ್ನು ಕಲ್ಲಿನ ಪಕ್ಕ ಇಳಿಸಿದರು. ಹೆಣ ಅಲ್ಲ, ಬಸುರಿ ಹೆಂಗಸು ಎಂದು ಜವಾನ ಹೇಳಿದ. ಚೀಟಿ ಎತ್ತಿ ತೋರಿಸಿದ. ಆ ಮುದುಕ ಚೀಟಿಯ ಕಡೆಗೆ ನೋಡಲೇ ಇಲ್ಲ, ಅವಳ ಪಾದವನ್ನೇ ನೋಡುತ್ತಿದ್ದ. ಆಗ ನಾನೂ ನೋಡಿದೆ. ಬಿಳಿಯ ಬಟ್ಟೆ, ಅರಿಶಿನದ ಪಾದ, ಕಾಲು ಮುಂದೆ. ಮುತ್ತೈದೆಯ ಹೆಣವನ್ನು ಮನೆಯ ಹೊಸ್ತಿಲು ದಾಟಿಸುವುದು ಹಾಗೆ. ನನ್ನ ಸ್ವಂತ ಅಜ್ಜಿಯನ್ನು ಹಾಗೇ ಕಳಿಸಿದ್ದರು. ನಾನು ಕಂಬ ಹಿಡಿದು ನೋಡಿದ್ದೆ. ಅದು ನನಗೆ ಆ ದಾರಿಯಲ್ಲಿ ಒಂದು ಸಲವಾದರೂ ನೆನಪಾಗಲಿಲ್ಲ.

ಈಗಲೇ ತಿರುಗಿಸಿ ಎಂದು ಆಳುಗಳಿಗೆ ಹೇಳಿದೆ. ಆಚೆಯಿಂದ ಒಬ್ಬ ನಕ್ಕ. "ತಿರುಗಿಸಿದ್ರೆ ಹೆಣಕ್ಕೆ ಜೀವ ಬರಂಗಿದ್ರೆ ನಮ್ಮಪ್ಪನ್ನೂ ತಿರುಗಿಸ್ತಿದ್ವಲ್ಲವ್ವ."

ಹೊತ್ತು ತಂದ ನಾಲ್ವರೂ ಸಾಕ್ಷಿ ಹೇಳಿದರು, ಹಾದಿಯಲ್ಲಿ ಮಾತಾಡಿದ್ದನ್ನು ಕೇಳಿದೀವಿ ಅಂತ. ಅದಕ್ಕೂ ಅವರು ಜಗ್ಗಲಿಲ್ಲ. ಹೋದ ವರ್ಷ ನಮ್ಮ ಆಳುಗಳ ಊರಿನವರೇ ಇದೇ ಡೋಲಿಯನ್ನು ಇದೇ ಕಲ್ಲಿನ ಹತ್ತಿರ ಇಳಿಸಿ, ಜ್ವರ ಅಷ್ಟೆ, ಜೀವ ಐತೆ ಅಂದಿದ್ದರಂತೆ. ಇವರು ನಂಬಿ ಹೊತ್ತರಂತೆ. ಊರ ಬಾಗಿಲಲ್ಲಿ ಪರದೆ ಎತ್ತಿ ನೋಡಿದರೆ ಸತ್ತು ತಣ್ಣಗಾಗಿತ್ತು. ಹೂಳುವುದಕ್ಕೆ ಯಾರೂ ಬಾರದೆ ಇವರೇ ಹೂತರು. ಒಂಬತ್ತನೆಯ ದಿನಕ್ಕೆ ಇಲಿ ಬಿತ್ತು. ಆಮೇಲೆ ಯಾರ್ಯಾರು ಹೋದರು ಎಂದು ಆ ಮುದುಕ ಬೆರಳು ಮಡಿಸುತ್ತ ಹೇಳಿದ. ಹೆಸರು ಹೇಳಲಿಲ್ಲ, ತಮ್ಮನ ಹೆಂಡ್ತಿ, ತಮ್ಮನ ಮಗ, ನನ್ನ ಮಗಳು, ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಎದುರು ಮಾತಾಡುತ್ತಿದ್ದೆನೋ ಏನೋ.

"ಚೀಟಿ ಐತಲ್ಲ ಯಜಮಾನ್ರೆ. ಅಮಲ್ದಾರ್ ಸಾಹೇಬರ ಮೊಹರು ಐತೆ," ಅಂದ ಜವಾನ.

"ಹೋದ ಸಲಾನೂ ಚೀಟಿ ಇತ್ತಪ್ಪ. ಕಾಗದಕ್ಕೆ ಉಸಿರು ಐತಾ?"

ನಮ್ಮ ಆಳುಗಳು ಆ ಹೊತ್ತಿಗೆ ಟವಲು ಕೊಡವಿಕೊಂಡು ಹೊರಟು ನಿಂತಿದ್ದರು. ಅವರ ಪಾಲು ಮುಗಿದಿತ್ತು. ನಾನು ಕೈ ಮುಗಿದೆ. ಅವರಲ್ಲೊಬ್ಬ ಮುಖ ತಿರುಗಿಸಿ, ಕಲ್ಲು ದಾಟಿದ್ರೆ ನಮ್ಮೂರೋರು ನಮ್ಮನ್ನ ಬಿಡಲ್ಲ ಅಮ್ಮಾರೆ, ಎಂದು ನೆಲಕ್ಕೆ ಹೇಳಿದ ಹಾಗೆ ಹೇಳಿದ. ಗಾಡಿಯಲ್ಲಿ ಹಾಕಿಕೊಂಡು ಹೋಗಿಬಿಡೋಣವೇ ಎಂದು ಕೇಳಿದೆ. ಜವಾನ ದುಪ್ಪಟಿಯ ನಡುಭಾಗ ತೋರಿಸಿದ. ದಾರಿಯಲ್ಲಿ ಕಾಸಿನಷ್ಟಗಲ ಇದ್ದ ರಕ್ತದ ಕಲೆ ಆಗಲೇ ಅಂಗೈಯಷ್ಟಾಗಿತ್ತು.

ಡೋಲಿ ಕಲ್ಲಿನ ಪಕ್ಕ ನೆಲದ ಮೇಲೆ. ಈಚೆಗೆ ನಾವು, ಆಚೆಗೆ ಅವರು. ಗಾಳಿ ಬೀಸುತ್ತಿರಲಿಲ್ಲ. ಬೊಂಬಿನ ಮೇಲೆ ಇರುವೆಯ ಸಾಲು ಹತ್ತಿತು. ನಾನು ಸೆರಗಿನಿಂದ ಒರೆಸಿದೆ, ಮತ್ತೆ ಹತ್ತಿತು. ನೀರು ಅದ್ದಿದ ಬಟ್ಟೆಯನ್ನು ಅವಳ ತುಟಿಗೆ ಇಟ್ಟೆ. ಅವಳು ಕಣ್ಣು ಬಿಟ್ಟು, "ದುರ್ಗ ಬಂತಾ?" ಅಂದಳು. ಅದು ಅವರಿಗೆ ಕೇಳುವ ಮಾತಲ್ಲ, ನನಗೇ ಅರ್ಧ ಕೇಳಿಸಿತು. ಜೋರಾಗಿ ಹೇಳೇ, ಇನ್ನೊಂದು ಸಲ ಹೇಳೇ ಎಂದೆ. ಅವಳು ಪ್ರಯತ್ನ ಮಾಡಿದಳು. ಬಾಯಿ ಆಡಿತು, ಸದ್ದು ಬರಲಿಲ್ಲ.

ಅವರಲ್ಲಿ ಒಬ್ಬರಾದರೂ ಹತ್ತಿರ ಬಂದು ಉಸಿರಾಡುವುದನ್ನು ನೋಡಿದ್ದರೆ ಸಾಕಾಗಿತ್ತು. ಪ್ಲೇಗಿನ ಡೋಲಿಯ ಹತ್ತಿರ ಯಾರೂ ಬರಲೊಲ್ಲರು, ಹೆರಿಗೆಯ ಹೆಂಗಸಿನ ಪರದೆಯನ್ನಂತೂ ಗಂಡಸರು ಮುಟ್ಟಲೊಲ್ಲರು. ಕೊನೆಗೆ ಆ ಬಿಳಿ ಮೀಸೆಯವನೇ ದಾರಿ ಹೇಳಿದ. ತಮ್ಮ ಊರಿನ ಸೂಲಗಿತ್ತಿ ಅಜ್ಜಿ ಬಂದು ನೋಡಲಿ. ಅವಳು ಜೀವ ಐತೆ ಅಂದರೆ ಹೊರುತ್ತೇವೆ. ಅಜ್ಜಿ ಇದ್ದದ್ದು ಊರಾಚೆಯ ಹೊಲದ ಗುಡಿಸಲಲ್ಲಿ. ಒಬ್ಬ ಓಡಿಹೋದ.

ಎಷ್ಟು ಹೊತ್ತು ಕಾದೆವೋ. ನಾನು ಜಾಲಿಮರದ ನೆರಳನ್ನು ನೋಡುತ್ತಿದ್ದೆ. ನಾವು ಬಂದಾಗ ಅದು ಕಲ್ಲಿನ ಆಚೆಗಿತ್ತು; ಬರುಬರುತ್ತ ಕಲ್ಲನ್ನು ಮುಟ್ಟಿತು, ಹತ್ತಿತು, ಈಚೆಗೆ ಇಳಿದು ಡೋಲಿಯ ಬೊಂಬಿಗೆ ಬಂತು. ಬಿಸಿಲಿನಿಂದ ಅವಳಿಗೆ ತಂಪಾಯಿತಲ್ಲ ಎಂದುಕೊಂಡು ಕೈ ಮುಟ್ಟಿ ನೋಡಿದೆ. ಕೈ ನೆರಳು ಬರುವ ಮುಂಚೆಯೇ ತಣ್ಣಗಿತ್ತು.

ಅಜ್ಜಿ ಬಂದಳು. ಚಿಕ್ಕ ಮೈಕಟ್ಟು, ಕಿವಿಯಲ್ಲಿ ದೊಡ್ಡ ತೂತು, ಓಲೆಯಿಲ್ಲ. ಗಂಡಸರ ನಡುವಿನಿಂದ ನೇರವಾಗಿ ಬಂದು, ಕಲ್ಲು ದಾಟಿ, ಕೂತು, ಪರದೆಯೊಳಕ್ಕೆ ತಲೆ ಹಾಕಿದಳು. ಒಳಗೆ ಕೈ ಆಡುವುದು ಮಾತ್ರ ಕಾಣುತ್ತಿತ್ತು. ಈಚೆಗೆ ತಲೆ ತೆಗೆದು, ಅಲ್ಲಿಂದಲೇ ಗಂಡಸರಿಗೆ ಹೇಳಿದಳು: "ಜೀವ ಐತೆ. ಗೆಡ್ಡೆ ಎಲ್ಲೂ ಇಲ್ಲ. ಏನ್ ಗಂಡಸ್ರೋ ನೀವು, ಬರ್ರಿ." ಆಮೇಲೆ ದನಿ ಇಳಿಸಿ ನನಗೆ: "ಕೂಸಿನ ಆಸೆ ಬಿಡವ್ವ. ಕೈ ಮುಂದೆ ಬಂದೈತೆ, ನೀಲಿಯಾಗೈತೆ. ಇವಳ್ನ ಉಳಿಸ್ಕ."

ಹೊಸ ಆಳುಗಳು ಬಂದು ಡೋಲಿಯನ್ನು ತಿರುಗಿಸಿದರು. ನಾನು ಹೇಳಲಿಲ್ಲ, ಯಾರೂ ನನ್ನನ್ನು ಕೇಳಲೂ ಇಲ್ಲ. ತಲೆ ಮುಂದಾಯಿತು. ಹೆಗಲಿಗೆ ಏರಿಸಿದವರು ಓಡಿದರು. ಅಷ್ಟು ಹೊತ್ತು ನಿಲ್ಲಿಸಿದ್ದ ಅದೇ ಜನ, ಮೈಯೆಲ್ಲ ಬೆವರು ಸುರಿಸುತ್ತ, ತಮ್ಮ ಮುಂದಿನ ಎಲ್ಲೆಯವರೆಗೂ ಓಡಿದರು. ಆಮೇಲಿನ ಕಲ್ಲುಗಳಲ್ಲಿ ಎಲ್ಲೂ ತಡವಾಗಲಿಲ್ಲ. ಕೋಟೆಯ ಬಂಡೆಗಳು ಕಾಣಿಸಿಕೊಂಡು, ಅವುಗಳ ಮೇಲಿನ ಬಿಸಿಲು ಕೆಂಪಾಗಿ, ಆರಿ, ದುರ್ಗದ ಆಸ್ಪತ್ರೆಯ ಜಗಲಿಯಲ್ಲಿ ಡೋಲಿ ಇಳಿಸುವಾಗ ದೀಪ ಹಚ್ಚುತ್ತಿದ್ದರು.

ಲೇಡಿ ಡಾಕ್ಟರು ಒಳ್ಳೆಯವರು. ನನ್ನ ಜೊತೆ ಇಂಗ್ಲೀಷಿನಲ್ಲೇ ಮಾತಾಡಿದರು. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಟಿರಿ ಎಂದು ಕೇಳಿದರು, ಹೇಳಿದೆ. ಇಷ್ಟು ಹೊತ್ತು ಏಕೆ ಎಂದು ಕೇಳಿದರು. ಊರಿನವರು ನಿಲ್ಲಿಸಿಬಿಟ್ಟರು ಎಂದೆ. ಸುಳ್ಳೇನೂ ಅಲ್ಲ.

ಮಗುವನ್ನು ತೆಗೆದರು, ಗಂಡು; ಉಸಿರಿರಲಿಲ್ಲ. ನಾದಿನಿ ಬದುಕಿದ್ದಳು. ಮರುದಿನ ಗಂಜಿ ಕೂಡ ಎರಡು ಗುಟುಕು ಕುಡಿದಳು. ಅದನ್ನು ನೋಡಿ ನಾನು ಆಸ್ಪತ್ರೆಯ ಕಂಬಕ್ಕೆ ಒರಗಿ ಅತ್ತುಬಿಟ್ಟೆ, ಉಳಿದಳು ಎಂದುಕೊಂಡೆ. ಸಂಜೆ ಚಳಿ ಬಂತು, ಹಲ್ಲು ಕಟಕಟಿಸುವ ಚಳಿ. ಆಮೇಲೆ ಮೈ ಕೆಂಡ. ಲೇಡಿ ಡಾಕ್ಟರು ಬಂದು ನೋಡಿ ಹೋಗುವಾಗ ನನ್ನ ಕಡೆ ತಿರುಗಲಿಲ್ಲ. ಜ್ವರದ ನಡುವೆ ಒಂದು ಗಳಿಗೆ ಅವಳಿಗೆ ತಿಳಿವು ಬಂದಿತ್ತು.

"ಅತ್ತಿಗೆ, ದಾರೀಲಿ ಯಾಕೆ ಅಷ್ಟೊತ್ತು ಇಳಿಸಿದ್ರು?"

"ಆಳು ಬದಲಾಗ್ತಿದ್ರು ಕಣೇ."

"ಬಾಳ ಹೊತ್ತು ಬದಲಾದ್ರು," ಅಂದಳು. ಸುಮ್ಮನೆ ಅಂದಳೋ, ಬೇರೇನಾದರೂ ಅರ್ಥದಲ್ಲಿ ಅಂದಳೋ ನನಗೆ ಗೊತ್ತಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೋದಳು. ಯಜಮಾನರು ಬೆಳಿಗ್ಗೆಯಷ್ಟೆ ಬಂದಿದ್ದರು; ಅವಳ ಗಂಡ ಶ್ರೀರಾಂಪುರದಿಂದ ಬರುವ ಹೊತ್ತಿಗೆ ಬಾಯಿಗೆ ನೀರು ಬಿಡುವುದಷ್ಟೆ ಉಳಿದಿತ್ತು.

ತಾಯಿಗೆ ಮುಖ ತೋರಿಸಬೇಕು ಎಂದು ಯಜಮಾನರು ಆಸ್ಪತ್ರೆಯ ಗುಮಾಸ್ತರನ್ನು ಬೇಡಿಕೊಂಡರು. ಡೋಲಿ ಇರುವುದು ಬದುಕಿದವರಿಗೆ, ನೀವೇ ತಾಲ್ಲೂಕು ಕಚೇರಿಯವರು, ನಿಮಗೆ ಗೊತ್ತಿಲ್ಲವೇ ಎಂದು ಆತ ಮೆಲ್ಲಗೆ ಹೇಳಿದರು. ಗಾಡಿಯಲ್ಲಿ ಹಾಕಿದರೂ ಎಲ್ಲೆ ದಾಟಿಸುವುದು ಯಾರು? ದುರ್ಗದಲ್ಲೇ ಮುಗಿಸಿದರು. ಅಸ್ಥಿಯ ತನಕ ಯಜಮಾನರೂ ಅವಳ ಗಂಡನೂ ಅಲ್ಲೇ ನಿಂತರು. ಅಮ್ಮ ಒಬ್ಬಳೇ ಇದ್ದಾಳೆ, ನೀನು ಹೋಗು ಎಂದು ನನ್ನನ್ನು ಕಳಿಸಿದರು. ಸುದ್ದಿ ನಾನೇ ಹೇಳಬೇಕಾಗಿತ್ತು.

ವಾಪಸು ಹೊರಟ ಖಾಲಿ ಡೋಲಿಗೂ ಚೀಟಿ ಬೇಕು, ಊರೂರಿನ ಆಳೂ ಬೇಕು. ಖಾಲಿಯಾದ್ದರಿಂದ ಇಬ್ಬರು ಸಾಕು. ನಾನು ಹಿಂದೆ ಗಾಡಿಯಲ್ಲಿ ಕೂತಿದ್ದೆ. ಜವಾನ ಮುಂದೆ ನಡೆಯುತ್ತಿದ್ದ. ಮೂರು ದಿನವೂ ಅವನು ಆ ಕಾಗದದ ಮಾತನ್ನು ಎತ್ತಿರಲಿಲ್ಲ, ಯಜಮಾನರು ಕೆದಕಿ ಕೇಳಿದಾಗಲೂ. ಆ ಊರಿನವರು ನಿಲ್ಲಿಸಿದರು ಸ್ವಾಮಿ ಎಂದಿದ್ದ, ಅಷ್ಟೆ.

ಆ ಕಲ್ಲಿನ ಹತ್ತಿರ ಬಂದಾಗ ಗಂಡಸರು ಎದ್ದು ನಿಂತರು. ಖಾಲಿ ಡೋಲಿಯನ್ನು ನೋಡಿ ಅವರಿಗೆ ತಿಳಿದುಹೋಗಿತ್ತು. ಬಿಳಿ ಮೀಸೆಯವನು ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ದಾರಿಬದಿಯ ಹೊಲದಲ್ಲಿ ಆ ಅಜ್ಜಿ ಅವರೆ ಬಿಡಿಸುತ್ತಿದ್ದಳು. ನಾನು ಗಾಡಿಯಿಂದ ಇಳಿದು ಅವಳ ಹತ್ತಿರ ಹೋದೆ. ಏನು ಹೇಳಲು ಹೋದೆನೋ ಗೊತ್ತಿಲ್ಲ. ಹೋದಳಾ, ಅಂದಳು. ಹೂಂ ಎಂದೆ. ಅವಳು ಮಡಿಲಲ್ಲಿದ್ದ ಕಾಯನ್ನು ಬುಟ್ಟಿಗೆ ಸುರಿದಳು.

"ಡೋಲಿ ತಿರುಗಿಸಿದ್ದು ನಾನು ಅಜ್ಜಿ. ನಿಮ್ಮವರದ್ದು ತಪ್ಪಿಲ್ಲ. ಜವಾನ ಬೇಡ ಅಂದ, ನಾನೇ ತಿರುಗಿಸಿದೆ."

ಅವಳು ನನ್ನ ಮುಖ, ಕಿವಿಯ ಓಲೆಯಿಂದ ಹಿಡಿದು ಕಾಲಿನ ತನಕ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮತ್ತೆ ಐದಾಳಾ?"

"ಇದ್ದಾರೆ."

"ಅವಳಿಗೆ ಹೇಳಬ್ಯಾಡ. ಒಂದೇ ಮನೇಲಿ ಉಣ್ಣಬೇಕಲ್ಲ ನೀವಿಬ್ರೂ. ಬೈಯಾಕೆ ನಮ್ಮೂರು ಇರ್ಲಿ ಬಿಡು. ಸತ್ತೋರ ಮನೆ ಬೈಗಳ ನಮಗೇನು ಹೊಸದಾ."

ಹೊಳಲ್ಕೆರೆ ಸೇರಿದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದರು. ಬೊಂಬಿನ ಸದ್ದು ಬೀದಿಯ ತುದಿಯಲ್ಲಿ ಕೇಳಿಸಿಯೇ ಎದ್ದು ನಿಂತಿದ್ದರಂತೆ, ಕಂಬ ಹಿಡಿದು. ನಾನು ಒಬ್ಬಳೇ ಇಳಿದೆ. ಯಾರು ತಡೆದರು, ಎಲ್ಲಿ ತಡೆದರು ಎಂದು ಅವರು ಕೇಳಿದ್ದು ಆಮೇಲೆ, ಹನ್ನೊಂದನೆಯ ದಿನ ಕಳೆದು, ಒಂದು ಮಧ್ಯಾಹ್ನ. ನಾನು ಆ ಊರಿನ ಹೆಸರು ಹೇಳಿದೆ.

ಅವತ್ತಿನಿಂದ ಅತ್ತೆ ಆ ಊರಿನವರು ಮಾರುವ ಬೆಣ್ಣೆ ಕೊಳ್ಳಲಿಲ್ಲ, ಆ ಊರಿನಿಂದ ಬಂದ ಹೆಣ್ಣು ನೋಡಲಿಲ್ಲ. ಹಾಸಿಗೆ ಹಿಡಿದ ಕೊನೆಯ ತಿಂಗಳು ಬೇರೆ ಯಾವುದೂ ನೆನಪಿಲ್ಲದಾಗಲೂ ಆ ಊರಿನ ಹೆಸರು ಹಿಡಿದು ಶಪಿಸುತ್ತಿದ್ದರು. ಅವರ ಮನೆಗಳಲ್ಲಿ ದೀಪ ಹಚ್ಚುವವರು ಇಲ್ಲದಂತಾಗಲಿ ಅನ್ನುತ್ತಿದ್ದರು. ಹೌದಲ್ಲೇನೇ, ಎಂದು ನನ್ನನ್ನು ಕೇಳುತ್ತಿದ್ದರು. ನಾನು ಅವರ ಬಾಯಿ ಒರೆಸುತ್ತ, ಹೌದು ಅತ್ತೆ, ಅನ್ನುತ್ತಿದ್ದೆ.